ಹಣವಿದ್ದರೂ ತಾಯಿ ಉಳಿಯುವುದಿಲ್ಲವೇಕೆ?

ಆಸ್ಪತ್ರೆ, ಔಷಧಿಗೆ ಅಮೆರಿಕದಷ್ಟು ಹಣ ಸುರಿಯುವ ದೇಶ ಇನ್ನೊಂದಿಲ್ಲ. ಆದರೂ 2022ರಲ್ಲಿ ಅಲ್ಲಿ ಲಕ್ಷ ಹೆರಿಗೆಗೆ 22 ತಾಯಂದಿರು ತೀರಿಕೊಂಡರು. ಅದೇ ವರ್ಷ ನಾರ್ವೆಯ ಲೆಕ್ಕದಲ್ಲಿ ಒಬ್ಬರೂ ಇಲ್ಲ.

ಅಮೆರಿಕದವರು ಲೆಕ್ಕ ಹಾಕುವ ಕ್ರಮವೇ ಬೇರೆ ಅನ್ನುವವರಿದ್ದಾರೆ. ಮರಣಪತ್ರದಲ್ಲಿ ಗರ್ಭಿಣಿಯಾಗಿದ್ದರೇ ಎಂಬ ಕಾಲಂ ಸೇರಿದ ಮೇಲೆ ಸಂಖ್ಯೆ ಏರಿದ್ದು ನಿಜ. ಆದರೆ ಅದೇ ಲೆಕ್ಕದಲ್ಲಿ ಬಿಳಿ ತಾಯಂದಿರ ಸಾವು 19, ಕಪ್ಪು ತಾಯಂದಿರದು 49ಕ್ಕೂ ಹೆಚ್ಚು. ಇದಕ್ಕೇನು ಹೇಳೋಣ?

ಹೆರಿಗೆ ಕೋಣೆಯಲ್ಲಿ ಎಲ್ಲ ಮುಗಿಯುವುದಿಲ್ಲ. ಅಲ್ಲಿನ ಸಾವುಗಳಲ್ಲಿ ಹೆಚ್ಚಿನವು ಹೆರಿಗೆಯಾದ ನಂತರದವು. ಹತ್ತರಲ್ಲಿ ಎಂಟನ್ನು ತಡೆಯಬಹುದಿತ್ತು ಎಂದು ಅಲ್ಲಿನ ಸರಕಾರಿ ಪರಿಶೀಲನೆಯೇ ಹೇಳಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲ ವಾರ ದಾದಿ ಮನೆಗೇ ಬಂದು ತಾಯಿ-ಮಗುವನ್ನು ನೋಡುತ್ತಾಳೆ. ಅಮೆರಿಕದಲ್ಲಿ ಎಲ್ಲ ಕೆಲಸಗಾರ್ತಿಯರಿಗೂ ಸಂಬಳಸಹಿತ ಹೆರಿಗೆ ರಜೆ ಕೊಡುವ ರಾಷ್ಟ್ರೀಯ ಕಾನೂನೇ ಇಲ್ಲ.

ನಮ್ಮ ಮನೆಗಳಲ್ಲಿ ನಲ್ವತ್ತು ದಿನ ಬಾಣಂತಿಯನ್ನು ನೋಡಿಕೊಳ್ಳುವ ಕ್ರಮ ಇದೆ. ಒಳ್ಳೆಯದೇ. ಆದರೆ ಬಾಣಂತನವೆಂದರೆ ಎಣ್ಣೆ, ಬಿಸಿನೀರು ಮಾತ್ರ ಅಲ್ಲ. ವಿಪರೀತ ತಲೆನೋವು, ಉಸಿರುಕಟ್ಟುವುದು, ನಿಲ್ಲದ ರಕ್ತಸ್ರಾವ ಅಂತ ಅವಳು ಹೇಳಿದರೆ "ಬಾಣಂತಿಗೆ ಇದೆಲ್ಲ ಇದ್ದದ್ದೇ" ಅನ್ನಬೇಡಿ. ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಿ. ದುಡ್ಡಿನ ದೇಶ ಸೋತದ್ದು ಅವಳ ಮಾತು ಕೇಳುವುದರಲ್ಲೇ.