ಸೊಲ್ಲು ಹಿಡಿಯುವವರಿಲ್ಲದ ನಾಡಗೀತೆ

ನಾಡಗೀತೆಯ ಜಗಳ ಮುಗಿಯಿತು ಎಂದುಕೊಂಡವರು ಬದನಗುಪ್ಪೆಯಲ್ಲೋ ಗುಂಡ್ಲುಪೇಟೆಯಲ್ಲೋ ನಡೆಯುವ ಯಾವುದಾದರೂ ಸರ್ಕಾರಿ ಸಭೆಗೆ ಬಂದು ನೋಡಬೇಕು. ವೇದಿಕೆಯ ಮೂಲೆಯಲ್ಲಿ ಇಬ್ಬರು ಮೈಕ್ ಹಿಡಿದು ಹಾಡುತ್ತಾರೆ. ಅವರು ಸಿಗದಿದ್ದರೆ ಯಾರದೋ ಮೊಬೈಲು ಹಾಡುತ್ತದೆ. ಉಳಿದವರೆಲ್ಲ ಎದ್ದು ನಿಂತು ಬಾಯಿ ಮುಚ್ಚಿಕೊಂಡಿರುತ್ತಾರೆ.

ಇಷ್ಟು ವರ್ಷ ನಾವು ಕಿತ್ತಾಡಿದ್ದು ಇದಕ್ಕೇನು? ಕುವೆಂಪು ಅವರ ಕವಿತೆ ನಾಡಗೀತೆಯಾದದ್ದು 2004ರಲ್ಲಿ. ಮೊದಲು ಹಾಡಿನಲ್ಲಿ ಮಧ್ವರ ಹೆಸರು ಇರಬೇಕೇ ಎಂಬ ತಕರಾರು, ಆಮೇಲೆ ಎಷ್ಟು ನಿಮಿಷ ಎಂಬ ತಕರಾರು, ಕೊನೆಗೆ ಧಾಟಿ ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವಥ್ ಅವರದೋ ಎಂಬುದು. ಎಚ್.ಆರ್. ಲೀಲಾವತಿ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರಿನಲ್ಲಿ ಆದೇಶ ಬಂತು: ಅನಂತಸ್ವಾಮಿ ಧಾಟಿ, ಆಲಾಪ ಬೇಡ, ಪುನರಾವರ್ತನೆ ಬೇಡ, ಎರಡೂವರೆ ನಿಮಿಷ. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು.

ಧಾಟಿಯ ವಿಷಯದಲ್ಲಿ ನಾನು ಆದೇಶದ ಪರ. ಅಶ್ವಥ್ ಹಾಡಿದರೆ ಮೈ ನವಿರೇಳುತ್ತಿತ್ತು, ನಿಜ. ಆದರೆ ಆ ಗಂಟಲು ಎಲ್ಲರಿಗೂ ಎಲ್ಲಿಂದ ಬರಬೇಕು? ಗಾಯಕರ ಸ್ವಾತಂತ್ರ್ಯ ಎನ್ನುವವರು ಸುಗಮ ಸಂಗೀತದ ವೇದಿಕೆಯಲ್ಲಿ ಮನಸ್ಸಿಗೆ ಬಂದಂತೆ ಹಾಡಲಿ. ನಾಡಗೀತೆ ಇರುವುದೇ ಹಾಡಲು ಬಾರದವರಿಗಾಗಿ. ಆದೇಶವೂ ಇದನ್ನು ಮರೆತಿದೆ. ಅದು ನಿಮಿಷ ಎಣಿಸಿತು, ಬಾಯಿ ಎಣಿಸಲಿಲ್ಲ.

ಆದೇಶಕ್ಕಿಂತ ಮೊದಲು ಬಾಯಿ ಬೇಕು ಎಂಬುದಕ್ಕೆ ಈಜಿಪ್ಟಿನ 'ಬಿಲಾದಿ' ನೋಡಿ. ಅದಕ್ಕೆ ರಾಗ ಹಾಕಿದ ಸಯ್ಯದ್ ದರ್ವೀಶ್ ತೀರಿಕೊಂಡದ್ದು 1923ರಲ್ಲಿ, ಸರ್ಕಾರ ಅದನ್ನು ರಾಷ್ಟ್ರಗೀತೆ ಮಾಡಿಕೊಂಡದ್ದು 1979ರಲ್ಲಿ. ಅಷ್ಟು ಹೊತ್ತಿಗೆ ಅದು ಜನರ ಬಾಯಲ್ಲಿತ್ತು. ನಮ್ಮ ನಾಡಗೀತೆಯ ವರ್ಷವೇ, 2004ರಲ್ಲೇ, ಇರಾಕ್ 'ಮೌತಿನಿ'ಯನ್ನು ರಾಷ್ಟ್ರಗೀತೆಯಾಗಿ ಒಪ್ಪಿಕೊಂಡಿತು. ಬರೆದ ಇಬ್ರಾಹೀಂ ತೂಕಾನ್ ಪ್ಯಾಲೆಸ್ತೀನಿನವರು, ರಾಗ ಹಾಕಿದ ಮೊಹಮ್ಮದ್ ಫ್ಲೈಫೆಲ್ ಲೆಬನಾನಿನವರು. ಧಾಟಿ ಯಾರದು ಎಂದೇ ನೋಡಿದ್ದರೆ ಬಾಗ್ದಾದಿನವರು ಆ ಹಾಡನ್ನು ಮುಟ್ಟುತ್ತಲೇ ಇರಲಿಲ್ಲ.

ನಮಗೆ ಈ ಮೌನ ಎಲ್ಲಿಂದ ಬಂತು? ಅರಿಕುಠಾರ ಎಂಬ ಊರು ಅರಸರ ಹೆಸರು ಹೊತ್ತು ಚಾಮರಾಜನಗರವಾದ ಸೀಮೆ ನಮ್ಮದು. ಮೈಸೂರು ಸಂಸ್ಥಾನದ ಗೀತೆಯಾಗಿದ್ದ ಬಸವಪ್ಪ ಶಾಸ್ತ್ರಿಗಳ 'ಕಾಯೌ ಶ್ರೀಗೌರಿ' ಮಹಾರಾಜರಿಗಾಗಿ ಮಾಡಿದ ಪ್ರಾರ್ಥನೆ. ಪ್ರಜೆಗಳು ಎದ್ದು ನಿಂತು ಕೇಳಿದರೆ ಸಾಕಿತ್ತು. ಅರಸೊತ್ತಿಗೆ ಹೋಯಿತು, ನಿಲ್ಲುವ ಭಂಗಿ ಹೋಗಲಿಲ್ಲ.

ಹಾಡಲಾರದ ಜನವೂ ಇದಲ್ಲ. ಮಾದಪ್ಪನ ಕತೆಗೆ ಕಂಸಾಳೆಯವರು ನಿಂತರೆ, ಮುಂದಾಳು ಸಾಲು ಬಿಡುವುದೇ ತಡ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ, ಕೇಳುತ್ತ ಕೂತವರು ಉಘೇ ಎನ್ನುತ್ತಾರೆ. ಅಲ್ಲಿ ಸುಮ್ಮನಿದ್ದವನೇ ಪರದೇಶಿ.

ಆದ್ದರಿಂದ ಇನ್ನೊಂದು ಆದೇಶ ಬೇಕು, ಒಂದೇ ಸಾಲಿನದು: ನಾಡಗೀತೆಯ ಹೊತ್ತಿಗೆ ಮೈಕ್ ಆರಿಸಿ. ಮೊದಮೊದಲು ಅಪಸ್ವರವೇ ಕೇಳಿಸುತ್ತದೆ. ಮುಂದಿನ ಸಾಲಿನ ಅಧಿಕಾರಿಗಳು ಪಲ್ಲವಿ ದಾಟಿದ ಕೂಡಲೇ ತೊದಲುತ್ತಾರೆ. ತೊದಲಲಿ.