ಅಡ್ಡ ಬಂದಾಕಿ, ಅಡ್ಡಿ ಮಾಡಿದಾಕಿ

ಅಮೆರಿಕಾದಾಗ ಮೊಮ್ಮಗಳ ಸಾಫ್ಟ್‌ಬಾಲ್ ಆಟ ನೋಡ್ಲಿಕ್ಕೆ ಕೂತ ನಮ್ಮ ಕಾಕು, ಮೌಶಿ, ವೈನಿ ಎಲ್ಲಾರೂ ಕೇಳೂದು ಒಂದ ಪ್ರಶ್ನೆ. "ಮೂರು ಸ್ಟ್ರೈಕ್ ಆದ ಮ್ಯಾಲ ಆ ಹುಡುಗಿ ಔಟ್ ಅಲ್ಲೇನು, ಮತ್ತ್ಯಾಕ ಓಡ್ಲಿಕ್ಕತ್ತಾಳ?" ಅದರ ಬೆನ್ನಿಗೇ ಇನ್ನೊಂದು. "ಓಡ್ಲಿಕ್ಕೆ ಬಿಟ್ಟು ಮತ್ತ ನಡುವ ಔಟ್ ಅಂತ ಯಾಕ ಅಂದ್ರು?" ಮೊದಲನೇದಕ್ಕ ಉತ್ತರ ಸರಳ ಅದ. ಎರಡನೇದರ ಮ್ಯಾಲ ನನಗ ನನ್ನದ ಒಂದು ಮಾತು ಅದ.

ಮೂರನೇ ಸ್ಟ್ರೈಕ್ ಆದ್ರ ಸಾಲೂದಿಲ್ರಿ, ಹಿಂದ ಕೂತ ಕ್ಯಾಚರ್ ಆ ಬಾಲ್ ನೆಲಕ್ಕ ಬೀಳದ್ಹಾಂಗ ಹಿಡೀಬೇಕು. ಹಿಡೀಲಿಲ್ಲ ಅಂದ್ರ, ಫಸ್ಟ್ ಬೇಸ್ ಖಾಲಿ ಇದ್ರ, ಇಲ್ಲಾ ಆಗಲೇ ಇಬ್ಬರು ಔಟ್ ಆಗಿದ್ರ, ಬ್ಯಾಟ್ ಮಾಡಿದಾಕಿ ಓಡಬಹುದು. ಫಸ್ಟ್ ಬೇಸ್ 60 ಅಡಿ ದೂರ. ಬಾಲ್ ಮುಟ್ಟೂದಕ್ಕಿಂತ ಮೊದಲ ಆಕಿ ಮುಟ್ಟಿದ್ರ ಬಚಾವ್. ಬೇಸ್ ಖಾಲಿ ಇರಬೇಕು ಅಂತ ಯಾಕಂದ್ರ, ಇಲ್ಲಾಂದ್ರ ಕ್ಯಾಚರ್ ಬೇಕಂತ ಬಾಲ್ ಬಿಟ್ಟು ಒಬ್ಬಾಕಿ ಬದಲಿ ಇಬ್ಬರನ್ನ ಔಟ್ ಮಾಡಬಹುದು.

ಇದು ಬೇಸ್‌ಬಾಲಿನಿಂದ ಬಂದ ನಿಯಮ, ಅಲ್ಲಿ 1845ರ ನಿಕರ್‌ಬಾಕರ್ ಕ್ಲಬ್ಬಿನ ಕಾಲದಿಂದ ಅದ. 1941ರ ವರ್ಲ್ಡ್ ಸೀರೀಸಿನ ಒಂದು ಆಟದಾಗ ಬ್ರೂಕ್ಲಿನ್ ಡಾಡ್ಜರ್ಸ್ 4-3 ಮುಂದಿದ್ರು. ಕಡೇ ಔಟ್ ಆತು ಅನ್ನೂದರಾಗ ಕ್ಯಾಚರ್ ಮಿಕಿ ಓವೆನ್ ಕೈಯಿಂದ ಬಾಲ್ ಜಾರಿತು, ಟಾಮಿ ಹೆನ್ರಿಕ್ ಓಡಿ ಫಸ್ಟ್ ಬೇಸ್ ಮುಟ್ಟಿದ, ಯಾಂಕೀಸ್ 7-4 ಗೆದ್ದುಬಿಟ್ರು. ಅಂದ್ರ ಈ ಓಟ ಸಣ್ಣ ಹಕ್ಕಲ್ಲ.

ಈಗ ಜಗಳದ ಜಾಗಾಕ್ಕ ಬರೋಣ. ಬಲಗೈಲೆ ಬ್ಯಾಟ್ ಮಾಡಾಕಿ ನಿಂದರೂದು ಥರ್ಡ್ ಬೇಸಿನ ಕಡೆ. ಓಡಬೇಕಂದ್ರ ಹೋಮ್ ಪ್ಲೇಟಿನ ಮುಂದ ಹಾದ ಹೋಗಬೇಕು. ಬಾಲ್ ಅಲ್ಲೇ ಮುಂದ ಪುಟದು ಬಿದ್ರ ಕ್ಯಾಚರ್ ಸೈತ ಅದ ಜಾಗಾಕ್ಕ ಧಾವಸ್ತಾಳ. ಇಬ್ಬರೂ ತಮ್ಮ ತಮ್ಮ ಕೆಲಸಾನ ಮಾಡ್ಲಿಕ್ಕತ್ತಾರ, ದಾರಿ ಮಾತ್ರ ಒಂದ. ಇಲ್ಲಿ ಓಡಾಕಿ ಕ್ಯಾಚರ್‌ಗೆ ಅಡ್ಡಿ ಮಾಡಿದ್ಲು ಅಂತ ಅಂಪೈರಿಗೆ ಅನಿಸಿದ್ರ ಆಕಿ ಔಟ್, ಬಾಲ್ ಡೆಡ್, ಬೇಸ್ ಮ್ಯಾಲಿದ್ದವರು ಮುಂದ ಹೋಗಿದ್ರ ಹಿಂದ ಬರಬೇಕು.

"ಪಾಪ, ಬೇಕಂತ ಮಾಡಿಲ್ಲ" ಅಂತ ಒಂದು ಕಡೆ ತಾಯಂದಿರು ಒದರ್ತಾರ. "ಕಾಲಿಗೆ ಬಾಲ್ ತಾಗೇದ, ಔಟ್ ಕೊಡ್ರಿ" ಅಂತ ಇನ್ನೊಂದು ಕಡೆಯವರು. ನನ್ನ ಪ್ರಕಾರ ಎರಡೂ ಸರಿ ಅಲ್ಲ. ಮನಸಿನಾಗ ಏನಿತ್ತು ಅಂತ ನೋಡ್ಲಿಕ್ಕೆ ಅಂಪೈರಿಗೆ ಕನ್ನಡಿ ಕೊಟ್ಟಿಲ್ಲ. ಬರೇ ತಾಗೂದು ಅಂದ್ರ ಅಡ್ಡಿ ಅಲ್ಲ. ನಮ್ಮ ಮಾತಿನಾಗ ಅಡ್ಡ ಬರೂದು ಬ್ಯಾರೆ, ಅಡ್ಡಿ ಮಾಡೂದು ಬ್ಯಾರೆ. ಹಾಲಿನ ಬೋಗುಣಿ ತಾನ ಕೈಬಿಟ್ಟು, ಬಾಜೂಕ ಹಾದು ಹೋದ ಸೊಸಿಗೆ "ನೀನ ಅಡ್ಡ ಬಂದಿ" ಅನ್ನೂದನ್ನ ನಾವೆಲ್ಲಾ ಕೇಳೀವಿ. ಹಾಲು ಚೆಲ್ಲಿದ್ದು ಸೊಸಿಯಿಂದಲ್ಲ. ಆದ್ರ ಒರಸ್ಲಿಕ್ಕೆ ಬಂದಾಕಿಗೆ ದಾರಿ ಬಿಡದ ಸೊಸಿ ಅಲ್ಲೇ ನಿಂತ್ಲು ಅಂದ್ರ ಅದು ಖರೇನ ಅಡ್ಡಿ, ಬೇಕಂತ ನಿಂತಿರ್ಲಿ, ಗಾಬರಿಗೆ ನಿಂತಿರ್ಲಿ.

ಬೇಸ್‌ಬಾಲಿನ ದೊಡ್ಡ ಲೀಗಿನ ಪುಸ್ತಕದಾಗ ಇದನ್ನ ಛಂದ ಬರದಾರ. 6.01ನೇ ನಿಯಮದಾಗ, ಕ್ಯಾಚರ್‌ಗೆ ಸ್ಪಷ್ಟ ಅಡ್ಡಿ ಆಗಿರಬೇಕು ಅಂತದ. ಕ್ಯಾಚರ್‌ಗೋ ಅಂಪೈರಿಗೋ ಬಡದು ಪುಟದ ಬಾಲ್ ಓಡಾವಗ ತಾಗಿದ್ರ ಅಷ್ಟಕ್ಕ ಅಡ್ಡಿ ಆಗೂದಿಲ್ಲ ಅಂತ ಟಿಪ್ಪಣಿನೂ ಅದ. ಶಾಲಿ ಹುಡುಗ್ಯಾರ ಸಾಫ್ಟ್‌ಬಾಲಿನಾಗ ವಾಕ್ಯ ಗಿಡ್ಡದು, ಅಡ್ಡಿ ಮಾಡಿದ್ರ ಔಟ್ ಅಂತ ಮುಗಸ್ತಾರ. ಉಳದದ್ದೆಲ್ಲಾ ಅಂಪೈರಿನ ಕಣ್ಣಿನ ಮ್ಯಾಲ. ಆ ಟಿಪ್ಪಣಿಯಂಥಾದ್ದು ಇಲ್ಲೂ ಬಿಡಿಸಿ ಬರೀಬೇಕು ಅಂತೀನಿ ನಾ. ಬಾಲ್ ಕೈಬಿಟ್ಟಾಕಿ ಒಬ್ಬಾಕಿ, ಶಿಕ್ಷಾ ಇನ್ನೊಬ್ಬಾಕಿಗೆ ಅಂತ ಆಗಬಾರದು.

ಅಲ್ಲೀತನಕ ನಾವು ಅಂಪೈರಿನ ಮ್ಯಾಲ ಹಾರಾಡೂದು ಬ್ಯಾಡ. ಸಣ್ಣ ಹುಡುಗ್ಯಾರ ಆಟದಾಗ ಎಷ್ಟೋ ಸಲ ಹೈಸ್ಕೂಲ್ ಹುಡುಗಿನೋ ಹುಡುಗನೋ ಅಂಪೈರ್ ಆಗಿರ್ತಾರ. ಮುಖವಾಡದ ಹಿಂದಿಂದ ಅರ್ಧ ಸೆಕೆಂಡಿನಾಗ ಹೇಳಬೇಕು, ನಾವು ಕುರ್ಚಿ ಮ್ಯಾಲ ಕೂತು ಚುರಮುರಿ ತಿನ್ಕೋತ ಹತ್ತು ನಿಮಿಷ ವಾದ ಮಾಡ್ತೀವಿ.

ನಮ್ಮ ಹುಡುಗ್ಯಾರಿಗೆ ಹೇಳೂದು ಇಷ್ಟ. ಬಾಲ್ ಎಲ್ಲಿ ಬಿತ್ತು ಅಂತ ಹುಡುಕೋತ ನಿಂದರಬ್ಯಾಡ. ಬ್ಯಾಟ್ ಕ್ಯಾಚರಿನ ಕಾಲಾಗ ಒಗೀಬ್ಯಾಡ. ಫಸ್ಟ್ ಬೇಸಿನ ದಾರಿ ಹಿಡದು ಓಡು. ನಿಂತಾಕಿಗಿಂತ ಓಡಿದಾಕೀನ ಅಡ್ಡಿ ಕಡಿಮಿ ಮಾಡ್ತಾಳ. ಮುಂದಿನ ಆಟದಾಗ ನೀವೂ ಒದರೂಕಿಂತ ಮೊದಲ ಒಂದ ಕೇಳ್ಕೋರಿ: ಈ ಹುಡುಗಿ ಇರದಿದ್ರ ಕ್ಯಾಚರ್‌ಗೆ ಆ ಬಾಲ್ ಸಿಗತಿತ್ತೇನು? ಸಿಗತಿತ್ತು ಅಂದ್ರ ಔಟ್, ನಮ್ಮ ಮನಿ ಹುಡುಗಿ ಆದ್ರೂ.