ಒಂದು ಮಸಾಲೆದೋಸೆ ಬಾಕಿ

ಹಾಸ್ಟೆಲಿನಲ್ಲಿದ್ದಾಗ ನಾನೂ ನನ್ನ ರೂಂಮೇಟೂ ಮಸಾಲೆದೋಸೆಗೆ ಬೆಟ್ ಕಟ್ಟಿದ್ದೆವು. ವಿಷಯ, 'ಬಿಫೋರ್ ಸನ್‌ರೈಸ್' ಸಿನಿಮಾದ ಕೊನೆ. ರೈಲಿನಲ್ಲಿ ಪರಿಚಯವಾದ ಅಮೆರಿಕದ ಹುಡುಗ ಜೆಸ್ಸಿ, ಫ್ರಾನ್ಸಿನ ಹುಡುಗಿ ಸೆಲೀನ್ ವಿಯೆನ್ನಾದಲ್ಲಿ ಇಳಿದು, ರಾತ್ರಿಯಿಡೀ ಮಾತಾಡ್ತಾ ಅಲೆಯುತ್ತಾರೆ. ಬೆಳಿಗ್ಗೆ ಅಗಲುವಾಗ ಫೋನ್ ನಂಬರ್, ವಿಳಾಸ ಏನೂ ತಗೊಳ್ಳದೆ, ಆರು ತಿಂಗಳಿಗೆ ಇದೇ ಸ್ಟೇಷನ್ನಿನಲ್ಲಿ ಸಿಗೋಣ ಅಂತ ಮಾತು ಕೊಟ್ಟುಕೊಳ್ತಾರೆ. ಸಿನಿಮಾ ಅಲ್ಲಿಗೇ ಮುಗಿಯುತ್ತೆ. ಅವಳು ಬಂದೇ ಬರ್ತಾಳೆ, ಕೈಕೊಡೋದು ಅವನೇ ಅಂತ ನನ್ನ ವಾದ. ಗೆಳತಿಯದ್ದು ತದ್ವಿರುದ್ಧ.

ಅದು 1995ರ ಚಿತ್ರ. ಮುಂದಿನ ಭಾಗ 'ಬಿಫೋರ್ ಸನ್‌ಸೆಟ್' ಬಂದದ್ದು 2004ರಲ್ಲಿ. ನಾನು ನೋಡಿದ್ದು ಇನ್ನೂ ತಡವಾಗಿ, ಒಂದು ರಾತ್ರಿ ಮಗಳನ್ನು ಮಲಗಿಸಿದ ಮೇಲೆ. ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಅದೇ ಈಥನ್ ಹಾಕ್, ಜೂಲಿ ಡೆಲ್ಪಿಯನ್ನು ಒಂಬತ್ತು ವರ್ಷದ ನಂತರ ಕರೆತಂದಿದ್ದಾರೆ. ಅವರ ಮುಖದಲ್ಲಿರೋದು ಮೇಕಪ್ ಹಚ್ಚಿ ತಂದ ವಯಸ್ಸಲ್ಲ. ಹುಡುಗನ ಕೆನ್ನೆ ಒಳಗೆ ಹೋಗಿದೆ. ಆ ರಾತ್ರಿಯನ್ನೇ ಕಾದಂಬರಿ ಮಾಡಿದ ಜೆಸ್ಸಿ ಪ್ಯಾರಿಸ್ಸಿನ ಪುಸ್ತಕದಂಗಡಿಗೆ ಬಂದಿದ್ದಾನೆ. ನೋಡಿದರೆ ಸೆಲೀನ್ ನಿಂತಿದ್ದಾಳೆ. ಅವನ ವಿಮಾನಕ್ಕೆ ಹೆಚ್ಚು ಹೊತ್ತಿಲ್ಲ. ಸಿನಿಮಾ ಸುಮಾರು 80 ನಿಮಿಷ, ನಾವು ನೋಡುವಷ್ಟು ಹೊತ್ತೇ ಅವರಿಗೂ ಸಿಕ್ಕಿರೋದು.

ಬೆಟ್ಟಿನ ವಿಷಯಕ್ಕೆ ಬರ್ತೀನಿ. ತಾನೂ ಹೋಗಿರಲಿಲ್ಲ ಅಂತ ಜೆಸ್ಸಿ ಮೊದಲು ಸುಳ್ಳು ಹೇಳ್ತಾನೆ. ಆಮೇಲೆ ಗೊತ್ತಾಗುತ್ತೆ, ಹೋಗಿದ್ದ, ಕಾದಿದ್ದ. ಬಾರದೇ ಇದ್ದವಳು ಸೆಲೀನ್. ಕಾರಣ? ಅಜ್ಜಿ ತೀರಿಕೊಂಡಿದ್ದರು, ಅದೇ ದಿನ ಬುಡಾಪೆಸ್ಟಿನಲ್ಲಿ ಅಂತ್ಯಕ್ರಿಯೆ.

ರಿಮೋಟ್ ಒತ್ತಿ ನಿಲ್ಲಿಸಿಬಿಟ್ಟೆ. ನಮ್ಮ ಸಿನಿಮಾಗಳಲ್ಲಿ ಪ್ರೇಮಿಗಳನ್ನು ಅಗಲಿಸೋಕೆ ಜಾತಿ, ಅಪ್ಪನ ಹಟ, ಕಾಯಿಲೆ, ಏನೂ ಇಲ್ಲದಿದ್ದರೆ ಒಬ್ಬ ಖಳನಾದರೂ ಬೇಕು. ಇಲ್ಲಿ ಯಾರ ತಪ್ಪೂ ಇಲ್ಲ. ಮನೆಯಲ್ಲಿ ಸಾವಾಗಿದೆ, ಹೋಗಲೇಬೇಕು. ಮೊದಲ ಚಿತ್ರದಲ್ಲಿ ಸೆಲೀನ್ ವಾಪಸಾಗ್ತಾ ಇದ್ದದ್ದು ಅದೇ ಅಜ್ಜಿಯನ್ನು ನೋಡಿಕೊಂಡು. ಬೆಟ್ ಕಟ್ಟಿದ ನಾವಿಬ್ಬರೂ ಅಜ್ಜಿಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಈಗ ಜೆಸ್ಸಿಗೆ ಹೆಂಡತಿ, ಮಗ ಇದ್ದಾರೆ. ಆ ಹೆಂಡತಿ ತೆರೆ ಮೇಲೆ ಬರೋದೇ ಇಲ್ಲ. ಹಾಸ್ಟೆಲ್ ದಿನಗಳಾಗಿದ್ದರೆ ನಾನೂ ಅವಳನ್ನು ನೆನೆಸಿಕೊಳ್ತಾ ಇರಲಿಲ್ಲ. ಕೊನೆಯಲ್ಲಿ ಅವನು ಸೆಲೀನ್ ಮನೆಯ ಸೋಫಾದಲ್ಲಿ ಆರಾಮಾಗಿ ಕೂತು, ವಿಮಾನ ತಪ್ಪಿದರೂ ಪರವಾಗಿಲ್ಲ ಅನ್ನೋ ಹಾಗೆ ನಗ್ತಾನೆ. ನನಗೂ ನಗು ಬಂತು, ನಿಜ. ಹಿಂದೆಯೇ, ಅಲ್ಲಿ ಅವಳು ಗಡಿಯಾರ ನೋಡ್ತಿರಬಹುದಲ್ಲ ಅಂತ ಒಳಗೆ ಚುಳುಕ್ ಅಂದಿತು. ಪಕ್ಕದಲ್ಲಿ ನಮ್ಮವರು ಗೊರಕೆ ಹೊಡೀತಿದ್ದರು.

ಬೆಟ್ ಸೋತವಳು ನಾನು, ದೋಸೆ ಕೊಡಿಸಬೇಕು. ಗೆಳತಿ ಮದುವೆಯಾಗಿ ಊರು ಬಿಟ್ಟಳು. ಅವಳ ನಂಬರ್ ನನ್ನ ಹತ್ತಿರ ಇಲ್ಲ.